ಬೆನ್ನ ಹಿಂದೆ ಬಾತು ಮೇಷ್ಟ್ರು

ಪಚ್... ಪಚ್... ಪಚ್...

ಒದ್ದೆ ಪಾದಗಳ ಸದ್ದು ಹಿಂದಿನಿಂದ ಬರುತ್ತಿತ್ತು. ಮುಂದೆ ಉದ್ದನೆಯ ಕಾರಿಡಾರ್. ಎರಡೂ ಕಡೆ ಬಾಗಿಲು ಮುಚ್ಚಿದ ಕ್ಲಾಸುಗಳು. ಪುಟ್ಟ ಹುಡುಗಿ ಬಟಾಣಿ ತನ್ನ ಕೈಯಲ್ಲಿದ್ದ ಬಟನ್ನನ್ನು ಹೆಬ್ಬೆರಳು ನೋಯುವಷ್ಟು ಗಟ್ಟಿಯಾಗಿ ಒತ್ತಿದಳು. ಕಾರಿಡಾರಿನಲ್ಲಿ ಅವಳು ಮುಂದೆ ಮುಂದೆ ಹೋದಳು. ಸದ್ದೂ ಜೊತೆಗೇ ಬಂತು.

ಆಮೇಲೆ ಸದ್ದು ನಿಂತಿತು. ಕುತ್ತಿಗೆಯ ಹತ್ತಿರವೇ ಯಾರೋ ಮೂಗಿನಿಂದ ಉಸಿರು ಬಿಟ್ಟರು.

"ಹೋಂವರ್ಕ್ ಎಲ್ಲಿ, ಮರಿ?"

ಬಟಾಣಿ ತಿರುಗಿದಳು. ಅವಳ ತಲೆಗಿಂತ ಮೇಲೆ ಒಂದು ಹಳದಿ ಕೊಕ್ಕು. ಕೊಕ್ಕಿನ ಮೇಲೆ ಕನ್ನಡಕ. ಕನ್ನಡಕದ ಹಿಂದೆ ಎರಡು ಗುಂಡು ಕಣ್ಣುಗಳು ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿದ್ದವು. ಅವಳ ಜೀವ ಬಾಯಿಗೆ ಬಂತು.

"ಹೇಗಿದೆ ಬಟಾಣಿ?" ಎಂದು ಅಮ್ಮ ಎಲ್ಲಿಂದಲೋ ಕೇಳಿದಳು.

ಎಲ್ಲಿಂದಲೋ ಏನು, ಅಮ್ಮ ಪಕ್ಕದಲ್ಲೇ ಇದ್ದಳು. ಬಟಾಣಿ ನಿಂತಿದ್ದದ್ದು ಯಾವ ಶಾಲೆಯಲ್ಲೂ ಅಲ್ಲ, ತನ್ನ ಮನೆಯ ಹಾಲಿನಲ್ಲಿ, ಸೋಫಾಕ್ಕೂ ಟೀವಿಗೂ ನಡುವೆ. ಕಣ್ಣಿಗೆ ದಪ್ಪನೆಯ ಕಪ್ಪು ಹೆಡ್‌ಸೆಟ್ ಕಟ್ಟಿಕೊಂಡಿದ್ದಳು. ಅದನ್ನು ಕಟ್ಟಿಕೊಂಡರೆ ಮನೆ ಮಾಯವಾಗಿ, ಆಟದ ಒಳಗೇ ಹೋಗಿ ನಿಂತ ಹಾಗಾಗುತ್ತದೆ. "ಏನೇ ಇದು, ಮುಖಕ್ಕೆ ಟಿಫನ್ ಡಬ್ಬಿ ಕಟ್ಟಿಕೊಂಡ ಹಾಗಿದೆ!" ಎಂದು ಅಜ್ಜಿ ಆಗಲೇ ಒಂದು ಸಲ ನಕ್ಕಾಗಿತ್ತು.

ಬಾತು ಮೇಷ್ಟ್ರನ್ನು ಗೊತ್ತಿಲ್ಲದ ಮಕ್ಕಳೇ ಇರಲಿಲ್ಲ. ಅದು ಫೋನಿನಲ್ಲಿ ಆಡುವ ಆಟ. ಹೋಂವರ್ಕ್ ಮಾಡದ ಒಂದು ಕಪ್ಪೆಮರಿ ಶಾಲೆಯ ತುಂಬಾ ಓಡುತ್ತದೆ. ಕನ್ನಡಕ ಹಾಕಿದ ಬಾತುಕೋಳಿ ಮೇಷ್ಟ್ರು ಹೊಟ್ಟೆ ಕುಣಿಸುತ್ತಾ ಅದರ ಹಿಂದೆ ಓಡುತ್ತಾರೆ. ಅವರು ಎಡವಿ ಬಿದ್ದಾಗ ಮಕ್ಕಳು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾರೆ. ಆ ಆಟವನ್ನು ಮಾಡಿದ್ದು ಬಟಾಣಿಯ ಅಮ್ಮ ಮತ್ತು ಅವಳ ಗೆಳೆಯರು, ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಕೂತು. ಕಾರಿಡಾರು, ಬಾಗಿಲು, ಮೆಟ್ಟಿಲು ಎಲ್ಲ ಅಮ್ಮ ಕಟ್ಟಿದ್ದು. ಮೇಷ್ಟ್ರ ದನಿ, ಆಟದ ಸದ್ದುಗಳನ್ನೆಲ್ಲ ಮಾಡುವ ಸೌಂಡ್ ಮಾಮನದು.

ಕಳೆದ ವರ್ಷ ದೊಡ್ಡ ಕಂಪನಿಯೊಂದು ಆಟವನ್ನು ಕೊಂಡುಕೊಂಡಿತು. ಸೈಕಲ್ ಅಂಗಡಿಯ ಮೇಲಿದ್ದವರೆಲ್ಲ ಗಾಜಿನ ಕಟ್ಟಡಕ್ಕೆ ಹೋದರು, ಎಲ್ಲರ ಕುತ್ತಿಗೆಗೂ ಕಾರ್ಡು ಬಂತು. ಅದೇ ಆಟವನ್ನು ಹೆಡ್‌ಸೆಟ್ಟಿಗೆ ಹೊಂದಿಸುವ ಕೆಲಸ ಅಲ್ಲಿ ಶುರುವಾಯಿತು. ಮೊದಮೊದಲು ಅಮ್ಮನಿಗೆ ಖುಷಿಯೋ ಖುಷಿ. ಆಮೇಲೆ ಒಂದು ದಿನ ಟೀಮಿನಲ್ಲಿ ಚಿತ್ರ ಬರೆಯುವ ಅಣ್ಣನಿಗೆ "ನಾಳೆಯಿಂದ ಬರೋದು ಬೇಡ" ಎಂದರು. ಅವತ್ತಿನಿಂದ ಅಮ್ಮ ಉಗುರು ಕಚ್ಚಲು ಶುರು ಮಾಡಿದಳು. ಬಟಾಣಿಗೆ ಉಗುರು ಕಚ್ಚಬೇಡ ಎಂದು ಬೈಯುತ್ತಿದ್ದವಳು ಅವಳೇ.

"ಏನಾಯ್ತಮ್ಮ?" ಎಂದರೆ, "ಏನಿಲ್ಲ ಕಣೆ," ಎನ್ನುತ್ತಿದ್ದಳು.

ಏನಿಲ್ಲ ಅಂತೆ! ನಿನ್ನೆ ಅಡುಗೆಮನೆಯಲ್ಲಿ ಅಮ್ಮ ಫೋನಿನಲ್ಲಿ ಸೌಂಡ್ ಮಾಮನ ಹತ್ತಿರ ಪಿಸುಗುಟ್ಟುತ್ತಿದ್ದುದು ಬಟಾಣಿಗೆ ಕೇಳಿಸಿತ್ತು. "ಶನಿವಾರ ಆಡಿ ನೋಡೋ ಮಕ್ಕಳಿಗೆ ಇಷ್ಟ ಆಗ್ಲಿಲ್ಲ ಅಂದ್ರೆ ನಮ್ಮ ಟೀಮನ್ನೇ ಮುಚ್ತಾರಂತೆ. ಆಟ ಅವರ ಹತ್ರ ಇರುತ್ತೆ. ನಾವಿರಲ್ಲ, ಅಷ್ಟೇ."

ಈಗ ಹೆಡ್‌ಸೆಟ್ಟಿನೊಳಗೆ ಆ ಕೊಕ್ಕು ಇನ್ನಷ್ಟು ಕೆಳಗೆ ಬಾಗಿತು. ಬಟಾಣಿ ಕಣ್ಣು ಮುಚ್ಚಿಕೊಂಡು, ತಡಕಾಡಿ, ಹೆಡ್‌ಸೆಟ್ ಕಿತ್ತು ತೆಗೆದಳು.

ಅಮ್ಮ ಎದುರಿಗೆ ನಿಂತಿದ್ದಳು. ಅವಳ ಹೆಬ್ಬೆರಳು ಬಾಯಿಯ ಹತ್ತಿರವೇ ಇತ್ತು. "ಹೇಳೇ, ಹೇಗಿತ್ತು?"

ಬಟಾಣಿ ಉಗುಳು ನುಂಗಿ ಹೇಳಿದಳು. "ಸೂಪರ್!"

ಅಮ್ಮ ನಕ್ಕಳು. ಎಷ್ಟೋ ದಿನಗಳ ಮೇಲೆ ಹಲ್ಲು ಕಾಣುವ ಹಾಗೆ ನಕ್ಕು, ಅವಳ ಕೆನ್ನೆ ಹಿಂಡಿದಳು. "ನಿಜವಾಗ್ಲೂ? ಮೇಷ್ಟ್ರು ಮುದ್ದಾಗಿ ಕಾಣ್ತಾರಲ್ವಾ?"

"ಹೂಂ. ತುಂಬಾ ಮುದ್ದು."

ಅಜ್ಜಿ ತಾನೂ ಒಮ್ಮೆ ಡಬ್ಬಿ ಕಟ್ಟಿಕೊಂಡು ನೋಡಿ, "ಹೆತ್ತವರಿಗೆ ಹೆಗ್ಗಣ ಮುದ್ದು ಬಿಡು," ಎಂದಳು. "ಆ ಕನ್ನಡಕ ತೆಗೆಸಬಾರದೇನೆ? ಗೂಬೆ ಹಾಗೆ ಕಾಣುತ್ತೆ."

"ನನ್ನ ಕೈಲಿಲ್ಲಮ್ಮ ಅದು. ಮಾಡಿದ್ದು ನಾವು, ಈಗ ಕಂಪನಿಯದು. ಒಂದು ಪುಕ್ಕ ಆಚೀಚೆ ಮಾಡ್ಬೇಕಾದ್ರೂ ಮೇಲೆ ಕೇಳ್ಬೇಕು."

ಬಟಾಣಿ ನೀರು ಕುಡಿಯುವ ನೆಪ ಹೇಳಿ ಒಳಗೆ ಹೋದಳು. ಅಡುಗೆಮನೆಗೆ ಹೋಗುವ ಓಣಿಯಂಥ ಜಾಗದಲ್ಲಿ ಲೈಟ್ ಹಾಕಿರಲಿಲ್ಲ. ಅಲ್ಲಿ ಅವಳ ಕಾಲು ನಿಂತುಬಿಟ್ಟಿತು.

ಬೆನ್ನು ಚುಮುಗುಟ್ಟುತ್ತಿತ್ತು. ಹಿಂದೆ ಯಾರೂ ಇಲ್ಲ ಎಂದು ಅವಳಿಗೆ ಗೊತ್ತು. ಇದ್ದದ್ದು ಅಜ್ಜಿ, ಅಮ್ಮ, ಸೋಫಾ. ಆದರೂ ತಿರುಗಿ ನೋಡಿದಳು. ಮುಂದೆ ಎರಡು ಹೆಜ್ಜೆ ಇಟ್ಟು ಮತ್ತೆ ತಿರುಗಿ ನೋಡಿದಳು.

ಅವತ್ತಿನಿಂದ ಬಟಾಣಿ ಗೋಡೆಗೆ ಬೆನ್ನು ಕೊಟ್ಟು ನಡೆಯಲು ಕಲಿತಳು. ಬಾತ್‌ರೂಮಿನಲ್ಲಿ ಮುಖಕ್ಕೆ ಸೋಪು ಹಚ್ಚಿದರೂ ಒಂದು ಕಣ್ಣು ತೆರೆದಿರುತ್ತಿತ್ತು, ಉರಿಯುತ್ತಿತ್ತು. ಒದ್ದೆ ಚಪ್ಪಲಿ ಹಾಕಿಕೊಂಡು ಅಜ್ಜಿ ಪಚಪಚ ಎಂದು ನಡೆದು ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಹೇಳೋಣವೆಂದರೆ ಹೇಳಿದ್ದು ಸೂಪರ್ ಎಂದು. ಬಾಯಿಗೆ ಬಿಸಿ ತುಪ್ಪ ಹಾಕಿಕೊಂಡ ಹಾಗಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಶಾಲೆಯಲ್ಲಿ ಇನ್ನೊಂದು ಕಾಟ. ಸೌಂಡ್ ಮಾಮನ ಮಗ ಅವಳ ಕ್ಲಾಸಿನಲ್ಲೇ ಇದ್ದ. ಬಾಯಿ ಮುಚ್ಚಿ ಕೂರಲು ಗೊತ್ತಿಲ್ಲದ ಅವನಿಗೆ ಎಲ್ಲರೂ ಪಟಾಕಿ ಎಂದು ಹೆಸರಿಟ್ಟಿದ್ದರು. "ನಮ್ಮಪ್ಪನೇ ಬಾತು ಮೇಷ್ಟ್ರು, ಗೊತ್ತಾ?" ಎಂದು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದ. ಶುಕ್ರವಾರ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಮೆಲ್ಲಗೆ ಬಟಾಣಿಯ ಹಿಂದೆ ಬಂದು, ಅಪ್ಪನದೇ ದನಿಯಲ್ಲಿ ಅವಳ ಕಿವಿಯ ಹತ್ತಿರ ಉಸಿರು ಬಿಟ್ಟ.

"ಹೋಂವರ್ಕ್ ಎಲ್ಲಿ, ಮರಿ?"

ಬಟಾಣಿ ಕಿಟಾರನೆ ಕಿರುಚಿದಳು. ಅಂಟಿನ ಬಾಟಲಿ ಉರುಳಿತು. ಇಡೀ ಕ್ಲಾಸು ತಿರುಗಿ ನೋಡಿತು.

"ಏನಾಯ್ತು?" ಎಂದು ಟೀಚರ್ ಓಡಿ ಬಂದರು.

"ಜಿ... ಜಿರಳೆ ಮಿಸ್."

ತಗೋ, ಅರ್ಧ ಕ್ಲಾಸು ಬೆಂಚಿನ ಮೇಲೆ ಹತ್ತಿತು. ಇಲ್ಲದ ಜಿರಳೆಯನ್ನು ಹುಡುಕುವುದರಲ್ಲೇ ಪೀರಿಯಡ್ ಮುಗಿಯಿತು. ಪಟಾಕಿ ಮಾತ್ರ ನಗುತ್ತಾ, "ಹೆದರುಪುಕ್ಕಿ! ನಾಳೆ ನಾನೂ ಹೆಡ್‌ಸೆಟ್ ಹಾಕ್ತೀನಿ. ಮೇಷ್ಟ್ರ ಕೊಕ್ಕು ಹಿಡಿದು ಎಳೀತೀನಿ ನೋಡ್ತಿರು," ಎಂದ.

ಎಳಿ ಎಳಿ, ಎಂದುಕೊಂಡಳು ಬಟಾಣಿ. ಅವಳಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಒಂದು ಗಳಿಗೆ ಹೆದರಿಕೆಯೂ ಮರೆತುಹೋಯಿತು.

ಶನಿವಾರ ಗಾಜಿನ ಕಟ್ಟಡದ ಒಂದು ಕೋಣೆಯಲ್ಲಿ ನೀಲಿ ಚಾಪೆ ಹಾಸಿದ್ದರು. ಮೇಜಿನ ಮೇಲೆ ಬಿಸ್ಕತ್ತು, ಜ್ಯೂಸು. ಬಂದಿದ್ದ ಮಕ್ಕಳೆಲ್ಲ ಅಲ್ಲಿ ಕೆಲಸ ಮಾಡುವವರ ಮಕ್ಕಳೇ. ಹೊರಗಿನವರಿಗೆ ಆಟವನ್ನು ಈಗಲೇ ತೋರಿಸುವಂತಿಲ್ಲ, ಗುಟ್ಟು ಹೊರಬೀಳುತ್ತದೆ ಎಂಬುದು ಕಂಪನಿಯ ನಿಯಮ. ಅಪ್ಪ ಅಮ್ಮಂದಿರು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಎಲ್ಲರೂ ಅಗತ್ಯಕ್ಕಿಂತ ಜಾಸ್ತಿ ನಗುತ್ತಿದ್ದರು.

ಕಂಪನಿಯ ಮೇಡಂ ಒಬ್ಬರು ಬಂದರು. ಸಣ್ಣ ದನಿ, ಒಳ್ಳೆಯ ಮುಖ. "ಮಕ್ಕಳೇ, ಆಡಿ ನೋಡಿ. ಹೇಗಿತ್ತು ಅಂತ ನಿಜ ಹೇಳಿ, ಅಷ್ಟು ಸಾಕು. ಮುಂದಿನ ತಿಂಗಳು ಇದು ಅಂಗಡಿಗೆ ಹೋಗುತ್ತೆ."

ಮೊದಲು, ಕಂಪನಿಯ ಕಾರು ಓಡಿಸುವ ಡ್ರೈವರ್ ಮಾಮನ ಮಗಳು ಹಾಕಿಕೊಂಡಳು. ತೆಗೆದ ಮೇಲೆ ಅವಳು ಮೊದಲು ನೋಡಿದ್ದು ಮೇಡಂ ಅವರನ್ನಲ್ಲ, ಅಪ್ಪನನ್ನು. "ಸೂಪರ್," ಎಂದಳು. ಆಮೇಲೆ ಜ್ಯೂಸನ್ನು ಮುಟ್ಟಲೇ ಇಲ್ಲ.

ಎರಡನೆಯವನು ಪಟಾಕಿ.

"ಬನ್ನಿ ಮೇಷ್ಟ್ರೇ, ಬನ್ನಿ! ಹೋಂವರ್ಕ್ ಮಾಡಿಲ್ಲ, ಏನಿವಾಗ?" ಎಂದು ಕುಣಿಯುತ್ತಲೇ ಶುರು ಮಾಡಿದ. ಎಲ್ಲರೂ ನಕ್ಕರು. ಸೌಂಡ್ ಮಾಮ ಎಲ್ಲರಿಗಿಂತ ಜೋರಾಗಿ ನಕ್ಕರು. ಬಟಾಣಿ ಕುರ್ಚಿಯ ತುದಿಗೆ ಸರಿದು ಕಾದು ಕೂತಳು. ಈಗ ಗೊತ್ತಾಗುತ್ತೆ ಅವನಿಗೆ.

ಸ್ವಲ್ಪ ಹೊತ್ತಿಗೆ ಪಟಾಕಿಯ ಮಾತು ನಿಂತಿತು. ಅವನ ಮಾತು ನಿಂತದ್ದನ್ನು ಬಟಾಣಿ ಅದೇ ಮೊದಲ ಸಲ ನೋಡಿದ್ದು. ಅವನ ಭುಜಗಳು ಮೇಲೆ ಮೇಲೆ ಏರಿ ಕಿವಿಗೆ ತಾಗಿದವು. ಅವನು ನಿಧಾನವಾಗಿ ಹಿಂದೆ ತಿರುಗಿದ, ತಲೆ ಎತ್ತಿದ, ಹಾಗೇ ನಿಂತ. ಒಂದು ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ಬಟಾಣಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಆ ಕೈಯನ್ನು ಹೋಗಿ ಹಿಡಿದುಕೊಳ್ಳಬೇಕೆನಿಸಿತು.

ಹೆಡ್‌ಸೆಟ್ ತೆಗೆದಾಗ ಪಟಾಕಿಯ ಮುಖ ಬಿಳುಚಿತ್ತು, ಹಣೆಯಲ್ಲಿ ಬೆವರು. "ಹೇಗಿತ್ತಪ್ಪ?" ಎಂದರು ಮೇಡಂ. ಪಟಾಕಿ ತನ್ನ ಅಪ್ಪನನ್ನು ನೋಡಿದ. ಸೌಂಡ್ ಮಾಮ ಎರಡು ಹೆಬ್ಬೆರಳು ಎತ್ತಿ ತೋರಿಸಿ, ಹುಬ್ಬು ಕುಣಿಸಿದರು.

"ಸೂಪರ್," ಎಂದ ಪಟಾಕಿ.

ಸೌಂಡ್ ಮಾಮ ಜೋರಾಗಿ ಉಸಿರು ಬಿಟ್ಟು ನಕ್ಕರು. ಅದು ಥೇಟ್ ತನ್ನ ಅಮ್ಮನದೇ ನಗು. ಹಾಗಾದರೆ ಡ್ರೈವರ್ ಮಾಮನ ಮಗಳೂ? ಇವರೆಲ್ಲ ಅಪ್ಪ ಅಮ್ಮನ ಮುಖ ನೋಡಿ ಸೂಪರ್ ಎನ್ನುತ್ತಾರೆ. ಮೇಡಂ ಎಲ್ಲರಿಗೂ ಇಷ್ಟವಾಯಿತು ಎಂದುಕೊಂಡು ಹೋಗುತ್ತಾರೆ. ಆಮೇಲೆ ಯಾವುದೋ ಮನೆಯಲ್ಲಿ ಯಾರೋ ಒಬ್ಬಳು ಒಬ್ಬಳೇ ಇದನ್ನು ಕಟ್ಟಿಕೊಳ್ಳುತ್ತಾಳೆ. ಮೇಷ್ಟ್ರು ಬರುತ್ತಾರೆ.

"ಬಾ ಪುಟ್ಟಿ, ನಿನ್ನ ಸರದಿ," ಎಂದರು ಮೇಡಂ.

ಕಾರಿಡಾರ್. ಮುಚ್ಚಿದ ಬಾಗಿಲುಗಳು. ಪಚ್, ಪಚ್, ಪಚ್. ಏನು ಬರುತ್ತದೆ ಎಂದು ಗೊತ್ತಿದ್ದರೆ ಹೆದರಿಕೆ ಕಮ್ಮಿಯಾಗುತ್ತದೆ ಎಂದು ಯಾರೋ ಹೇಳಿದ್ದರು. ಸುಳ್ಳು, ಕಾಲು ತಣ್ಣಗಾಯಿತು. ಉಸಿರು ಕುತ್ತಿಗೆಗೆ ಬಂದಾಗ ಅವಳು ತಿರುಗದೇ ಹೆಡ್‌ಸೆಟ್ ಕಿತ್ತಳು.

"ಹೇಗಿತ್ತು?"

ಗೋಡೆಯ ಹತ್ತಿರ ಅಮ್ಮ ಎರಡೂ ಕೈಗಳನ್ನು ಒಂದಕ್ಕೊಂದು ಹೆಣೆದು ನಿಂತಿದ್ದಳು. ಸೂಪರ್ ಎಂದರೆ ಮುಗಿಯಿತು. ಒಂದೇ ಒಂದು ಮಾತು. ಬಟಾಣಿ ಬಾಯಿ ತೆರೆದಳು.

"ಹೆದರಿಕೆ ಆಯ್ತು."

"ಏನಂದೆ?"

"ಹೆದರಿಕೆ ಆಗುತ್ತೆ," ಎಂದಳು ಬಟಾಣಿ. "ಅವತ್ತು ಮನೇಲೂ ಆಗಿತ್ತು. ಆಮೇಲೆ ದಿನಾ ಆಗ್ತಿದೆ."

ಅಮ್ಮನ ಮುಖದಲ್ಲಿ ರಕ್ತವೇ ಇಲ್ಲದ ಹಾಗಾಗಿತ್ತು. ಹೋಯಿತು, ಅಮ್ಮನ ಕೆಲಸ ಹೋಯಿತು, ನಾನೇ ಕಳೆದುಬಿಟ್ಟೆ ಎಂದು ಬಟಾಣಿಗೆ ಅಲ್ಲೇ ಕೂತು ಅಳಬೇಕೆನಿಸಿತು.

"ಅಯ್ಯೋ, ಯಾಕೆ ಮರಿ? ಮೇಷ್ಟ್ರು ತಮಾಷೆಯಾಗಿದ್ದಾರಲ್ಲ!" ಎಂದರು ಸೌಂಡ್ ಮಾಮ. ಅವರು ಮರಿ ಎಂದದ್ದು ಕೇಳಿ ಅವಳು ಇನ್ನೂ ಮುದುರಿಕೊಂಡಳು.

ಆಗ ಕುರ್ಚಿಯ ಕಡೆಯಿಂದ ಒಂದು ಸಣ್ಣ ದನಿ ಬಂತು. "ನಂಗೂ ಆಯ್ತಪ್ಪ."

"ನೀನು ಸೂಪರ್ ಅಂದ್ಯಲ್ಲೋ!"

"ನೀನು ಅಲ್ಲೇ ನಿಂತಿದ್ಯಲ್ಲ," ಎಂದ ಪಟಾಕಿ, ನೆಲ ನೋಡುತ್ತಾ. ಡ್ರೈವರ್ ಮಾಮನ ಮಗಳು ಕೈ ಮೇಲೆತ್ತಿದಳು, ಕ್ಲಾಸಿನಲ್ಲಿ ಎತ್ತುವ ಹಾಗೆ.

ಅಮ್ಮ ನೀಲಿ ಚಾಪೆಯ ಮೇಲೆ ಬಂದಳು. ಬೈಯುತ್ತಾಳೆ ಎಂದುಕೊಂಡು ಬಟಾಣಿ ಕಣ್ಣು ಮುಚ್ಚಿದಳು. ಅಮ್ಮ ಬೈಯಲಿಲ್ಲ. "ಮೇಷ್ಟ್ರು ಎಷ್ಟೆತ್ತರ ಕಾಣ್ತಾರೆ ನಿಂಗೆ?" ಎಂದು ಕೇಳಿದಳು.

ಬಟಾಣಿ ಕೈಯನ್ನು ತಲೆಗಿಂತ ಮೇಲೆ ಹಿಡಿದು ತೋರಿಸಿದಳು. "ಮೇಲಿಂದ ಬಗ್ಗಿ ನೋಡ್ತಾರೆ."

"ನಂಗೆ ಎದೆ ತನಕ ಬರ್ತಾರೆ," ಎಂದಳು ಅಮ್ಮ ನಿಧಾನವಾಗಿ. "ಅಪ್ಪಿಕೊಳ್ಳೋ ಹಾಗಿದ್ದಾರೆ ಅಂತ ನಾವೆಲ್ಲ ನಗ್ತಿದ್ವಿ."

ಅಲ್ಲಿದ್ದ ದೊಡ್ಡವರೆಲ್ಲ ಆ ಆಟವನ್ನು ಎಷ್ಟೋ ಸಲ ನೋಡಿದ್ದರು. ಎಲ್ಲರೂ ನಿಂತೇ ನೋಡಿದ್ದರು. ಅಮ್ಮ ಚಾಪೆಯ ಮೇಲೆ ಮಂಡಿಯೂರಿದಳು. ಅವಳ ಕಣ್ಣು ಬಟಾಣಿಯ ಕಣ್ಣಿನ ಮಟ್ಟಕ್ಕೆ ಬಂತು. ಹಾಗೇ ಹೆಡ್‌ಸೆಟ್ ಕಟ್ಟಿಕೊಂಡಳು.

ಆ ಕಾರಿಡಾರಿನ ಒಂದೊಂದು ಬಾಗಿಲನ್ನೂ ಕಟ್ಟಿದವಳು ಅವಳು. ಮೇಷ್ಟ್ರು ಎಲ್ಲಿಂದ ಬರುತ್ತಾರೆ, ಯಾವಾಗ ಬರುತ್ತಾರೆ, ಎಲ್ಲ ಗೊತ್ತಿದ್ದವಳು. ತಲೆಯನ್ನು ಹಿಂದಕ್ಕೆ ತಿರುಗಿಸಿದಳು.

"ಅಯ್ಯೋ ಅಮ್ಮಾ!" ಎಂದು ಕೂಗಿ ಹಿಂದಕ್ಕೆ ಬಿದ್ದಳು.

ಯಾರೂ ನಗಲಿಲ್ಲ. ಅಮ್ಮ ಹೆಡ್‌ಸೆಟ್ ತೆಗೆದು ನೆಲದ ಮೇಲೆ ಕೂತೇ ಬಟಾಣಿಯನ್ನು ನೋಡಿದಳು. "ಇದನ್ನ ನೋಡಿ ನೀನು ಸೂಪರ್ ಅಂದ್ಯಾ?" ಎಂದಳು.

ಮೇಡಂ ತಮ್ಮ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು. "ಗೊಂಬೆ, ಬ್ಯಾಗು, ಪೋಸ್ಟರು, ಎಲ್ಲ ಕಡೆ ಕಪ್ಪೆಮರಿಯ ಪಕ್ಕ ಬಾತು ಮೇಷ್ಟ್ರು ಇಷ್ಟೇ ದೊಡ್ಡವರು. ಇದನ್ನ ನಾನು ಮುಟ್ಟೋ ಹಾಗಿಲ್ಲ," ಎಂದರು. ಆಮೇಲೆ ಬಟಾಣಿಯ ಕಡೆ ತಿರುಗಿದರು. "ಎತ್ತರ ಒಂದೇ ತೊಂದರೆನಾ?"

ಬಟಾಣಿ ಯೋಚಿಸಿದಳು. "ಫೋನಲ್ಲಿ ಮೇಷ್ಟ್ರು ಎಲ್ಲಿದ್ದಾರೆ ಅಂತ ಕಾಣುತ್ತೆ. ಅದಕ್ಕೇ ನಗು ಬರುತ್ತೆ. ಇದ್ರಲ್ಲಿ ಕಾಣಲ್ಲ. ಇದ್ದಾರೆ ಅಂತ ಮಾತ್ರ ಗೊತ್ತಾಗುತ್ತೆ."

ಮೇಡಂ ಪಕ್ಕದ ಗಾಜಿನ ಕೋಣೆಗೆ ಹೋಗಿ ಫೋನ್ ಮಾಡಿದರು. ಅವರ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಹೊರಗೆ ಬಿಸ್ಕತ್ತು ಮೆತ್ತಗಾಗುತ್ತಿತ್ತು. ಕೊನೆಗೆ ಬಾಗಿಲು ತೆರೆದು ಬಂದರು. "ಎರಡು ವಾರ ಟೈಮ್ ಕೊಟ್ಟಿದ್ದಾರೆ. ಅಷ್ಟರಲ್ಲಿ ಸರಿ ಮಾಡಿ ತೋರಿಸಿ. ಆಮೇಲೆ ಏನಾಗುತ್ತೋ ನಂಗೂ ಗೊತ್ತಿಲ್ಲ."

ಮನೆಗೆ ಹೋಗುವ ಬಸ್ಸಿನಲ್ಲಿ ಜನ ಕಮ್ಮಿ ಇದ್ದರು. ಬಟಾಣಿ ಕಿಟಕಿಯ ಪಕ್ಕ ಕೂತಳು. ಎರಡು ಸ್ಟಾಪ್ ದಾಟಿದವು.

"ಬೈಯಲ್ವಾ?" ಎಂದಳು ಬಟಾಣಿ.

"ಯಾಕೆ?"

"ನಿನ್ನ ಕೆಲಸ ಹೋಗುತ್ತಲ್ಲ."

ಅಮ್ಮ ಥಟ್ಟನೆ ತಿರುಗಿದಳು. "ಯಾರು ಹೇಳಿದ್ದು ನಿಂಗೆ?"

"ಫೋನಲ್ಲಿ ಮಾತಾಡ್ತಿದ್ಯಲ್ಲ. ನನ್ನ ಹತ್ರ ಏನಿಲ್ಲ ಅಂದೆ."

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಅಮ್ಮ ಮುಂದಿನ ಸೀಟಿನ ಕಂಬಿಯನ್ನು ನೋಡುತ್ತಾ ಕೂತಳು. ಅವಳು ಈಗಲೂ ಏನಿಲ್ಲ ಎನ್ನುತ್ತಾಳೆ ಎಂದುಕೊಂಡಳು ಬಟಾಣಿ.

"ಹೋಗಬಹುದು, ಹೋಗದೇನೂ ಇರಬಹುದು," ಎಂದಳು ಅಮ್ಮ. "ನಂಗೆ ಹೆದರಿಕೆ ಆಗ್ತಿದೆ ಕಣೆ."

ಅಮ್ಮನ ಬಾಯಿಂದ ಆ ಮಾತನ್ನು ಬಟಾಣಿ ಯಾವತ್ತೂ ಕೇಳಿರಲಿಲ್ಲ. ಹೆದರಬೇಡಮ್ಮ ಎನ್ನಬೇಕೆಂದು ಬಾಯಿಯ ತನಕ ಬಂತು. ಅಂದರೆ ಅಮ್ಮ ಹೂಂ ಎಂದು ನಕ್ಕುಬಿಡುತ್ತಾಳೆ. ತಾನು ಸೂಪರ್ ಎಂದ ಹಾಗೆ. ಅದಕ್ಕೇ ಅವಳು ಹೆದರಬೇಡ ಎನ್ನಲಿಲ್ಲ.

"ಎಲ್ಲಿ ಆಗುತ್ತೆ?" ಎಂದು ಕೇಳಿದಳು.

"ಎಲ್ಲಿ ಅಂದ್ರೆ?"

"ನಂಗೆ ಬೆನ್ನಲ್ಲಾಗುತ್ತೆ. ನಿಂಗೆ?"

ಅಮ್ಮ ಯೋಚಿಸಿದಳು. ಸುಮ್ಮನೆ ಅಲ್ಲ, ನಿಜವಾಗಿಯೂ ಯೋಚಿಸಿದಳು. "ಹೊಟ್ಟೇಲಿ. ಬೆಳಗ್ಗೆ ಎದ್ದ ತಕ್ಷಣ."

"ಅದಕ್ಕೇ ತಿಂಡಿ ತಿನ್ನಲ್ವಾ ನೀನು?"

"ಹೂಂ. ಅದಕ್ಕೇ."

ಬಸ್ಸು ಹೊರಟಿತು. ಅಮ್ಮ ತನ್ನ ಕೈಯನ್ನು ಸೀಟಿಗೂ ಬಟಾಣಿಯ ಬೆನ್ನಿಗೂ ನಡುವೆ ತೂರಿಸಿ, ಬೆನ್ನಿನ ಮೇಲೆ ಅಗಲವಾಗಿ ಇಟ್ಟಳು. ಆ ಕೈ ಬೆಚ್ಚಗಿರಲಿಲ್ಲ. ತಣ್ಣಗಿತ್ತು.

ಬಟಾಣಿ ಅದಕ್ಕೇ ಒರಗಿ ಕೂತಳು.